ಹೀರೋ ಕೈಲಿ ಗಾಳ, ಕ್ಯಾಮೆರಾ ಕಣ್ಣಲ್ಲಿ ಹೊಳೆ!

ಹೀರೋ ಅಂದಮೇಲೆ ಕೈಯಲ್ಲಿ ಏನಾದರೂ ಇರಬೇಕು. ಕತ್ತಿ, ಪಿಸ್ತೂಲು, ಮಚ್ಚು... ಏನೂ ಸಿಗದಿದ್ದರೆ ಒಂದು ಗಿಟಾರ್ ಆದರೂ! ಆದರೆ ನಾನೀಗ ಹೇಳಹೊರಟಿರುವ ಚಿತ್ರದ ಹೀರೋ ಕೈಯಲ್ಲಿರುವುದು ಬರೀ ಒಂದು ಗಾಳದ ಕೋಲು. ಚಿತ್ರದಲ್ಲಿ ಒಂದು ಕೊಲೆ ನಡೆಯುತ್ತದೆ, ಅದೂ ತೆರೆಯ ಹಿಂದೆ. ಡ್ಯುಯೆಟ್ ಇಲ್ಲ, ಕ್ಯಾಬರೆ ಇಲ್ಲ, ಕ್ಲೈಮ್ಯಾಕ್ಸಿನಲ್ಲಿ ಗೋಡೌನು ಹೊತ್ತಿ ಉರಿಯೋದಿಲ್ಲ. ಒಬ್ಬ ಅಪ್ಪ, ಇಬ್ಬರು ಗಂಡುಮಕ್ಕಳು, ಒಂದು ಹೊಳೆ, ಹೊಳೆಯಲ್ಲಿ ಮೀನು. ಅಷ್ಟೇ!

ಅಷ್ಟೇನಾ ಅಂತ ಎದ್ದು ಹೋಗಬೇಡಿ ಸ್ವಾಮಿ. ಆ 'ಅಷ್ಟೇ' ಚಿತ್ರ ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲಿ 4 ಕೋಟಿ ಡಾಲರ್ ದಾಟಿತು. ಛಾಯಾಗ್ರಹಣಕ್ಕೆ ಆಸ್ಕರ್ ಹೊಡೆಯಿತು. ಬ್ರಾಡ್ ಪಿಟ್ ಅನ್ನೋ ಚೆಲುವ ಹುಡುಗನನ್ನು ಸ್ಟಾರ್ ಮಾಡುವ ದಾರಿಗೆ ತಂದು ನಿಲ್ಲಿಸಿತು. ಜೊತೆಗೆ, ಜನ್ಮದಲ್ಲಿ ಹೊಳೆಗೆ ಕಾಲಿಡದ ಪಟ್ಟಣದ ಮಂದಿಯನ್ನೆಲ್ಲ ಗಾಳದ ಅಂಗಡಿ ಮುಂದೆ ಕ್ಯೂ ನಿಲ್ಲಿಸಿತು.

ಚಿತ್ರದ ಹೆಸರು 'ಎ ರಿವರ್ ರನ್ಸ್ ಥ್ರೂ ಇಟ್'. ತೆರೆ ಕಂಡಿದ್ದು 1992ರ ಅಕ್ಟೋಬರ್‌ನಲ್ಲಿ. ನಿರ್ದೇಶಕ ರಾಬರ್ಟ್ ರೆಡ್‌ಫೋರ್ಡ್. ಕಥೆ ಹೇಳುವ ಹಿನ್ನೆಲೆ ದನಿಯೂ ಅವರದ್ದೇ. 2025ರ ಸೆಪ್ಟೆಂಬರ್‌ನಲ್ಲಿ ರೆಡ್‌ಫೋರ್ಡ್ ತೀರಿಕೊಂಡ ಸುದ್ದಿ ಬಂದ ರಾತ್ರಿ ನಾನು ಈ ಚಿತ್ರವನ್ನು ಮೂರನೇ ಸಲ ನೋಡಿದೆ. ಮೊದಲ ಸಲ ಕಥೆ ನೋಡಿದ್ದೆ. ಎರಡನೇ ಸಲ ಬ್ರಾಡ್ ಪಿಟ್‌ನನ್ನು ನೋಡಿದ್ದೆ. ಮೂರನೇ ಸಲ ನೋಡಿದ್ದು ಆ ದಾರವೊಂದನ್ನೇ... ಗಾಳಿಯಲ್ಲಿ ಬಂಗಾರದ ಜರಿಯಂತೆ ಸುತ್ತಿ ಸುತ್ತಿ ಬಿಚ್ಚಿಕೊಳ್ಳುವ ಆ ಗಾಳದ ದಾರ! ಅದರ ಬೆನ್ನು ಹತ್ತಿ ಹೋದವನಿಗೆ ಮೀನಿಗಿಂತ ದೊಡ್ಡ ಕಥೆಯೇ ಸಿಕ್ಕಿತು. ರೀಲು ಬಿಡ್ತಿಲ್ಲ, ಕೇಳಿ.

ಮರ ಇರೋ ಕಥೆ ಬೇಡವಂತೆ!

ಕಥೆ ನಿಜವಾಗಿ ನಡೆದದ್ದು. ಬರೆದವರು ನಾರ್ಮನ್ ಮೆಕ್ಲೀನ್. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮೇಷ್ಟ್ರು. ನಿವೃತ್ತಿಯಾದ ಮೇಲೆ ಕೂತು, ತಾವು ಬೆಳೆದ ಸೀಮೆಯಾದ ಮೊಂಟಾನಾ ರಾಜ್ಯದ ಬ್ಲಾಕ್‌ಫುಟ್ ಹೊಳೆಯ ಬಗ್ಗೆ, ಪಾದ್ರಿಯಾಗಿದ್ದ ಅಪ್ಪನ ಬಗ್ಗೆ, ತಮ್ಮ ಪಾಲ್ ಬಗ್ಗೆ ಬರೆದರು. ಒಬ್ಬ ಪ್ರಕಾಶಕ, ಈ ಕಥೆಗಳಲ್ಲಿ ಮರಗಳಿವೆ ಎಂದು ಹೇಳಿ ಹಸ್ತಪ್ರತಿ ವಾಪಸ್ ಕಳಿಸಿದನಂತೆ! ಕೊನೆಗೆ 1976ರಲ್ಲಿ ಅವರ ವಿಶ್ವವಿದ್ಯಾಲಯದ ಮುದ್ರಣಾಲಯವೇ ಅಚ್ಚು ಹಾಕಿತು. ಆಗ ಮೇಷ್ಟ್ರ ವಯಸ್ಸು ಎಪ್ಪತ್ತು ದಾಟಿತ್ತು. ತಡವಾಯ್ತು ಅಂತ ಅಳುವ ನಮ್ಮ ಗೆಳೆಯರು ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಬಹುದು.

ಪಾಲ್ ಪತ್ರಿಕೆಯ ವರದಿಗಾರ. ಕುಡಿತ, ಇಸ್ಪೀಟು, ಜಗಳ... ಎಲ್ಲದರಲ್ಲೂ ಮುಂದು. ಆದರೆ ಹೊಳೆಗೆ ಇಳಿದು ಗಾಳ ಬೀಸಿದನೆಂದರೆ ದೇವರೇ ಕೆಳಗಿಳಿದು ಬಂದಂತೆ. 1938ರಲ್ಲಿ ಷಿಕಾಗೊದಲ್ಲಿ ಯಾರೋ ಅವನನ್ನು ಹೊಡೆದು ಕೊಂದರು. ಅಣ್ಣ ತಮ್ಮನನ್ನು ಹಿಡಿದು ನಿಲ್ಲಿಸಲು ಆಗಲಿಲ್ಲ. ಅಪ್ಪನಿಗೂ ಆಗಲಿಲ್ಲ. ಇಡೀ ಚಿತ್ರ ನಿಂತಿರುವುದು ಆ ಒಂದು ಸಂಕಟದ ಮೇಲೆ. ಮೆಕ್ಲೀನ್ 1990ರಲ್ಲಿ ತೀರಿಕೊಂಡರು. ತಮ್ಮ ತಮ್ಮನ ಪಾತ್ರದಲ್ಲಿ ಬ್ರಾಡ್ ಪಿಟ್‌ನನ್ನು ನೋಡುವ ಯೋಗ ಅವರಿಗಿರಲಿಲ್ಲ.

ನೊಣ ಅಲ್ಲದ ನೊಣ

ಇನ್ನು ಗಾಳದ ವಿಷಯಕ್ಕೆ ಬರೋಣ. ನಮ್ಮೂರ ಕೆರೆಯಲ್ಲಿ ಗಾಳ ಹಾಕೋದು ನಿಮಗೆಲ್ಲ ಗೊತ್ತೇ ಇದೆ. ಬಿದಿರು ಕೋಲು, ದಾರ, ಬೆಂಡು, ಕೊಕ್ಕೆಗೆ ಎರೆಹುಳ. ಹಾಕಿ ಕೂತರೆ ಆಯ್ತು, ಬೆಂಡು ಮುಳುಗಿದಾಗ ಎಳೆ. ಫ್ಲೈ ಫಿಶಿಂಗ್ ಹಾಗಲ್ಲ. ಇಲ್ಲಿ ಕೊಕ್ಕೆಗೆ ಹುಳ ಚುಚ್ಚೋದಿಲ್ಲ. ದಾರ, ಗರಿ, ಕೂದಲು ಸುತ್ತಿ ಕೊಕ್ಕೆಯನ್ನೇ ಒಂದು ಹುಳದಂತೆ ಮಾಡ್ತಾರೆ. ಅದೇ 'ಫ್ಲೈ'. ಮೀನಿಗೆ ಮೋಸ ಮಾಡುವ ಮೇಕಪ್ ಅನ್ನಿ!

ಯಾಕೆ ಈ ನಾಟಕ? ಟ್ರೌಟ್ ಎಂಬ ಮೀನಿರುವುದು ತಣ್ಣಗಿನ, ಹರಿಯುವ ನೀರಿನಲ್ಲಿ. ಅದರ ಮುಖ್ಯ ಊಟವೇ ನೀರಲ್ಲಿ ಹುಟ್ಟಿ ಬೆಳೆಯುವ ಹುಳುಗಳು. ಮೇಫ್ಲೈ ಅಂತ ಒಂದು ಹುಳ. ನೀರೊಳಗೆ ಮರಿಯಾಗಿ ತಿಂಗಳುಗಟ್ಟಲೆ, ಕೆಲವು ಜಾತಿಯಲ್ಲಿ ವರ್ಷಗಟ್ಟಲೆ ಇರುತ್ತದೆ. ರೆಕ್ಕೆ ಬಂದು ಮೇಲೆ ಹಾರಿದ ಮೇಲೆ ಅದರ ಆಯಸ್ಸು ಒಂದೆರಡು ದಿನ, ಕೆಲವಕ್ಕೆ ಕೆಲವೇ ಗಂಟೆ. ಆ ಹೊತ್ತಿನಲ್ಲಿ ಅದಕ್ಕೆ ತಿನ್ನಲು ಬಾಯಿಯೂ ಕೆಲಸ ಮಾಡೋದಿಲ್ಲ. ಜೋಡಿಯಾಗು, ಮೊಟ್ಟೆ ಇಡು, ಸಾಯಿ. ಯಾವ ಟ್ರ್ಯಾಜಿಡಿ ಹೀರೋಯಿನ್ನಿಗೂ ಕಡಿಮೆಯಿಲ್ಲ! ಸಂಜೆ ಅವು ಗುಂಪಾಗಿ ಮೇಲೇಳುವಾಗ ಮೀನುಗಳು ಹುಚ್ಚೆದ್ದು ತಿನ್ನುತ್ತವೆ. ಆ ಸಮಯಕ್ಕೆ ಸರಿಯಾಗಿ, ಅದೇ ಬಣ್ಣದ, ಅದೇ ಗಾತ್ರದ ಸುಳ್ಳು ಹುಳವನ್ನು ಅದರ ಮೂಗಿನ ಮುಂದೆ ತೇಲಿ ಬಿಡಬೇಕು.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಸುಮಾರು 1800 ವರ್ಷದ ಹಿಂದೆಯೇ ಈಲಿಯನ್ ಎಂಬ ರೋಮನ್ ಲೇಖಕ, ಮ್ಯಾಸಿಡೋನಿಯಾದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗರಿ ಎರಡು ಸಿಕ್ಕಿಸಿ ಮೀನು ಹಿಡಿಯುತ್ತಾರೆ ಎಂದು ಬರೆದಿಟ್ಟಿದ್ದಾನೆ. ಇಂದಿಗೂ ಬಂಡವಾಳ ಅದೇ. ಮೇಜಿಗೆ ಕಚ್ಚಿಸಿದ ಪುಟಾಣಿ ವೈಸ್, ಗ್ಯಾರೇಜಿನಲ್ಲಿ ಇರುತ್ತದಲ್ಲ, ಅದರ ಮೊಮ್ಮಗ. ಅದರ ಬಾಯಲ್ಲಿ ಕೊಕ್ಕೆ. ಕೊಕ್ಕೆಯ ನಂಬರ್ ಹೆಚ್ಚಾದಷ್ಟೂ ಗಾತ್ರ ಚಿಕ್ಕದು. 14ನೇ ನಂಬರು ನಿಮ್ಮ ಕಿರುಬೆರಳಿನ ಉಗುರಿನ ಮೇಲೆ ಕೂರುತ್ತದೆ. ಮೊದಲು ದಾರ ಸುತ್ತು, ಬಾಲಕ್ಕೆ ನಾಲ್ಕು ಎಳೆ, ಮೈಗೆ ತುಪ್ಪಳ, ರೆಕ್ಕೆಗೆ ಗರಿ, ಕೊನೆಗೆ ಹುಂಜದ ಕುತ್ತಿಗೆ ಗರಿಯನ್ನು ಸುತ್ತಿ ಗಂಟು. ಆ ಗರಿಯ ಎಳೆಗಳೇ ಹುಳದ ಕಾಲಿನಂತೆ ಹರಡಿಕೊಂಡು ನೀರ ಮೇಲೆ ಅದನ್ನು ಮುಳುಗದಂತೆ ನಿಲ್ಲಿಸುತ್ತವೆ.

ಗಾಳದ ದಾರದ ತುದಿಗೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಎಳೆ ಬೇಕು. ಈಗ ಅದು ನೈಲಾನ್. ನೈಲಾನ್ ಬರುವ ಮುನ್ನ ಏನಿತ್ತು ಗೊತ್ತೆ? ರೇಷ್ಮೆ ಹುಳು! ಗೂಡು ಕಟ್ಟಲು ಸಿದ್ಧವಾದ ಹುಳವನ್ನು ವಿನಿಗರಿನಲ್ಲಿ ನೆನೆಹಾಕಿ, ಅದರ ಹೊಟ್ಟೆಯಲ್ಲಿನ ರೇಷ್ಮೆ ಗ್ರಂಥಿಯನ್ನೇ ಹೊರತೆಗೆದು ಉದ್ದಕ್ಕೆ ಎಳೆದು ಒಣಗಿಸುತ್ತಿದ್ದರು. ಸ್ಪೇನ್ ದೇಶದ ಮೂರ್ಸಿಯಾ ಸೀಮೆ ಅದಕ್ಕೆ ಹೆಸರುವಾಸಿ. 'ಶೋಲೆ'ಯ ಬಂಡೆ ನೋಡಲು ರಾಮನಗರಕ್ಕೆ ಹೋಗುವ ಅಭಿಮಾನಿಗಳೇ, ಅಲ್ಲಿನ ಗೂಡಿನ ಮಾರ್ಕೆಟ್ಟಿಗೂ ಒಂದು ಸಲ ಇಣುಕಿ. ಆ ಹುಳುವಿನ ಜಾತಿಯೇ ಒಂದು ಕಾಲಕ್ಕೆ ಯೂರೋಪಿನ ಮೀನುಗಳ ಪಾಲಿಗೆ ಯಮನಾಗಿತ್ತು!

ನಾಲ್ಕು ಎಣಿಕೆಯ ತಾಳ

ಸರಿ, ಫ್ಲೈ ಕಟ್ಟಿದ್ದಾಯ್ತು. ಅದನ್ನು ಎಸೆಯೋದು ಹೇಗೆ? ತೂಕವೇ ಇಲ್ಲದ ಗರಿಯ ಚೂರು. ಕಲ್ಲಿನ ಹಾಗೆ ಎಸೆದರೆ ಕಾಲ ಬುಡಕ್ಕೇ ಬೀಳುತ್ತದೆ. ಇಲ್ಲೇ ಇರೋದು ಗುಟ್ಟು. ಮಾಮೂಲಿ ಗಾಳದಲ್ಲಿ ತುದಿಯ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ದಾರವೇ ಭಾರ, ದಾರವೇ ಫ್ಲೈಯನ್ನು ಹೊತ್ತೊಯ್ಯುತ್ತದೆ. ಆ ದಾರಕ್ಕೂ ನಂಬರ್ ಇದೆ. 5ನೇ ನಂಬರಿನ ದಾರ ಎಂದರೆ ಅದರ ಮೊದಲ 30 ಅಡಿ ತೂಗಿದರೆ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ. 9 ಅಡಿಯ ಕೋಲಿನಿಂದ ಅದನ್ನು ಹಿಂದಕ್ಕೆ ಬೀಸಬೇಕು, ಅದು ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ತನಕ ಒಂದು ಗಳಿಗೆ ಕಾಯಬೇಕು, ಆಮೇಲೆ ಮುಂದಕ್ಕೆ. ಅವಸರ ಮಾಡಿದರೆ ಚಾವಟಿಯ ಹಾಗೆ ಚಟೀರ್ ಅಂದು ಫ್ಲೈ ಕಿತ್ತು ಹೋಗುತ್ತದೆ. ತಡ ಮಾಡಿದರೆ ಹಿಂದಿನ ಪೊದೆಗೆ ಸಿಕ್ಕಿಕೊಳ್ಳುತ್ತದೆ.

ಚಿತ್ರದಲ್ಲಿ ಪಾದ್ರಿ ಅಪ್ಪ ಮಕ್ಕಳಿಗೆ ಇದನ್ನು ಕಲಿಸುವ ದೃಶ್ಯ ನೋಡಿ. ಸಂಗೀತಗಾರರು ತಾಳಕ್ಕೆ ಇಟ್ಟುಕೊಳ್ಳುವ ಮೆಟ್ರೊನೋಮ್ ಎಂಬ ಟಿಕ್‌ಟಿಕ್ ಯಂತ್ರ ಇಟ್ಟು, ಗಡಿಯಾರದ ಹತ್ತು ಗಂಟೆಗೂ ಎರಡು ಗಂಟೆಗೂ ನಡುವೆ ನಾಲ್ಕು ಎಣಿಕೆಯಲ್ಲಿ ಕೋಲು ಆಡಿಸಲು ಹೇಳಿಕೊಡುತ್ತಾನೆ. ಬೆಳಗ್ಗೆ ಪಾಠ, ಮಧ್ಯಾಹ್ನ ಹೊಳೆ. ಆ ಮನೆಯಲ್ಲಿ ಧರ್ಮಕ್ಕೂ ಗಾಳಕ್ಕೂ ನಡುವೆ ಗೋಡೆಯೇ ಇರಲಿಲ್ಲ. ಅಪ್ಪನಾಗಿ ಟಾಮ್ ಸ್ಕೆರಿಟ್, ದೊಡ್ಡವನಾಗಿ ಕ್ರೇಗ್ ಶೆಫರ್. ಹುಡುಗನಾಗಿದ್ದಾಗಿನ ನಾರ್ಮನ್ ಯಾರು ಅಂತೀರಿ? ಮುಂದೆ 'ಇನ್ಸೆಪ್ಷನ್'ನಲ್ಲಿ ಹೋಟೆಲ್ ಕಾರಿಡಾರಿನ ಗೋಡೆ ಮೇಲೆಲ್ಲ ಓಡಾಡಿ ಫೈಟ್ ಮಾಡಿದ ಜೋಸೆಫ್ ಗಾರ್ಡನ್ ಲೆವಿಟ್!

ಡ್ಯೂಪ್ ಯಾರು?

ಅಭಿಮಾನಿಗಳು ಕೇಳುವ ಮೊದಲ ಪ್ರಶ್ನೆ ಇದು. ನಿಜವಾಗಿ ಬೀಸಿದ್ದು ಬ್ರಾಡ್ ಪಿಟ್ಟೇನಾ? ಹುಡುಗ ಅಭ್ಯಾಸ ಮಾಡಿದ್ದಂತೂ ನಿಜ. ಹತ್ತಿರ ಹೊಳೆ ಇಲ್ಲದ ಕಾರಣ ಕಟ್ಟಡಗಳ ಮೇಲೆ ಹತ್ತಿ ಗಾಳ ಬೀಸಿ ಕಲಿತೆ, ಕೊಕ್ಕೆ ನನ್ನ ತಲೆಯ ಹಿಂಭಾಗಕ್ಕೇ ಬಂದು ಚುಚ್ಚಿಕೊಳ್ಳುತ್ತಿತ್ತು ಎಂದು ಆತನೇ ಹೇಳಿಕೊಂಡಿದ್ದಾನೆ.

ಆದರೆ ಬಂಡೆಯ ಮೇಲೆ ನಿಂತು ದಾರವನ್ನು ನೀರಿಗೆ ತಾಕಿಸದೆ ಗಾಳಿಯಲ್ಲೇ ಸುತ್ತಿ ಸುತ್ತಿ ಆಡಿಸುವ ದೃಶ್ಯ, ಪೋಸ್ಟರಿನಲ್ಲಿ ಜಗತ್ತೆಲ್ಲ ನೋಡಿದ ಆ ಚಿತ್ರ... ಅದು ಜೇಸನ್ ಬೋರ್ಗರ್ ಎಂಬ ತರುಣ ಗಾಳಗಾರನ ಕೈ! ಗಾಳದ ವಿಷಯಕ್ಕೆ ಸಲಹೆಗಾರ ಲಿವಿಂಗ್ಸ್ಟನ್ ಊರಿನ ಗಾಳದ ಅಂಗಡಿಯ ಮಾಲೀಕ ಜಾನ್ ಬೈಲಿ. ಪೋಸ್ಟರಿನಲ್ಲಿ ದೂರಕ್ಕೆ ನಿಂತ ಆ ಪುಟ್ಟ ಆಕೃತಿಯ ಮುಖ ಯಾರಿಗೂ ಕಾಣೋದಿಲ್ಲ. ನಮ್ಮ ಗಾಂಧಿನಗರದ ಡ್ಯೂಪ್‌ಗಳ ಪಾಡು ಗೊತ್ತಿರುವವರಿಗೆ ಇದು ಹೊಸದೇನಲ್ಲ.

ಇನ್ನೊಂದು ಗುಟ್ಟು. ಡ್ಯೂಪ್ ಹಾಕಿದ್ದು ನಟನಿಗೆ ಮಾತ್ರ ಅಲ್ಲ, ಹೊಳೆಗೂ! ಕಥೆ ನಡೆಯೋದು ಬ್ಲಾಕ್‌ಫುಟ್ ಹೊಳೆಯಲ್ಲಿ. ಚಿತ್ರೀಕರಣ ನಡೆದದ್ದು ಗ್ಯಾಲಟಿನ್, ಯೆಲ್ಲೋಸ್ಟೋನ್, ಬೌಲ್ಡರ್ ಹೊಳೆಗಳಲ್ಲಿ. ಯಾಕಂದ್ರೆ 1991ರಲ್ಲಿ ಕ್ಯಾಮೆರಾ ಹೊತ್ತು ಹೋದಾಗ ಬ್ಲಾಕ್‌ಫುಟ್ ತನ್ನ ಪಾತ್ರವನ್ನು ತಾನೇ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ. ಮರ ಕಡಿದು ದಡ ಬೋಳಾಗಿತ್ತು. ದನ ತುಳಿದು ಉಪನದಿಗಳು ಕೆಸರಾಗಿದ್ದವು. 1975ರಲ್ಲಿ ಮೈಕ್ ಹಾರ್ಸ್ ಎಂಬ ಗಣಿಯ ತ್ಯಾಜ್ಯದ ಕಟ್ಟೆ ಒಡೆದು ವಿಷದ ಮಣ್ಣೆಲ್ಲ ಹೊಳೆಯ ತಲೆಭಾಗಕ್ಕೆ ಇಳಿದಿತ್ತು. ನಾಯಕಿ ಆಸ್ಪತ್ರೆಯಲ್ಲಿ ಮಲಗಿದ್ದಳು, ಅವಳ ಹೆಸರಿನಲ್ಲಿ ಬೇರೆಯವರು ನಟಿಸಿದರು ಅನ್ನಿ.

ಬೆಳಕಿನ ಗಾರುಡಿ

ಛಾಯಾಗ್ರಾಹಕ ಫಿಲಿಪ್ ರೂಸೆಲೊ, ಫ್ರೆಂಚ್ ಮನುಷ್ಯ. 1993ರ ಮಾರ್ಚ್‌ನಲ್ಲಿ ಆಸ್ಕರ್ ಇಸಕೊಂಡ. ತಲೆಕೂದಲಿಗಿಂತ ತುಸು ದಪ್ಪದ ದಾರವನ್ನು ಇಷ್ಟು ದೊಡ್ಡ ಪರದೆ ಮೇಲೆ ಕಾಣಿಸೋದು ಹುಡುಗಾಟವಲ್ಲ ಮಾರಾಯ್ರೆ. ಸೂರ್ಯ ಬೆನ್ನ ಹಿಂದಿದ್ದರೆ ದಾರ ಮಾಯ. ಸೂರ್ಯ ಎದುರಿಗಿದ್ದು, ಹಿಂದೆ ಕಪ್ಪಗೆ ಕಾಡೋ ಬೆಟ್ಟವೋ ಇದ್ದರೆ ಆಗ ದಾರದ ಅಂಚು ಹೊತ್ತಿಕೊಳ್ಳುತ್ತದೆ. ಚಿತ್ರದ ಗಾಳದ ದೃಶ್ಯಗಳನ್ನು ಈ ಕಣ್ಣಿನಿಂದ ನೋಡಿ. ಬೆಳಕು ಹಿಂದಿನಿಂದ, ನೆರಳು ಹಿನ್ನೆಲೆಗೆ.

ನಮಗೆ ಈ ವಿದ್ಯೆ ಹೊಸದಲ್ಲ. ಮೈಸೂರಿನ ನಮ್ಮ ವಿ.ಕೆ. ಮೂರ್ತಿಯವರು 1959ರಲ್ಲೇ 'ಕಾಗಜ್ ಕೆ ಫೂಲ್' ಚಿತ್ರಕ್ಕೆ ಕನ್ನಡಿ ಹಿಡಿದು ಬಿಸಿಲನ್ನು ಸ್ಟುಡಿಯೋ ಒಳಕ್ಕೆ ಎಳೆದು ತಂದು, ಆ ಬೆಳಕಿನ ಕೋಲು ನಿಲ್ಲಿಸಿದವರು. ಬೆಳಕು ಹಿಡಿಯೋದಕ್ಕೂ ಮೀನು ಹಿಡಿಯೋದಕ್ಕೂ ಬೇಕಾದ್ದು ಒಂದೇ. ಎಲ್ಲಿ ನಿಲ್ಲಬೇಕು ಅಂತ ಗೊತ್ತಿರಬೇಕು, ಬರೋ ತನಕ ಕಾಯಬೇಕು.

ಅದಕ್ಕೇ ಇರಬೇಕು, ಈ ಎರಡು ಹುಚ್ಚು ಒಂದೇ ತಾಯಿಯ ಮಕ್ಕಳಂತೆ ಕಾಣೋದು. ಫ್ಲೈ ಫಿಶಿಂಗ್ ಮಾಡೋರ ಕುತ್ತಿಗೆಗೆ ಕ್ಯಾಮೆರಾ ಇದ್ದೇ ಇರುತ್ತದೆ. ಫೋಟೋಗ್ರಾಫರುಗಳು ಹಾಕುವ ಹದಿನಾರು ಜೇಬಿನ ತೋಳಿಲ್ಲದ ಕೋಟು ಇದೆಯಲ್ಲ, ಅದೇ ಮಾದರಿಯ ಗಾಳಗಾರರ ಕೋಟನ್ನು 1930ರ ದಶಕದಲ್ಲೇ ಹೊಲಿದುಕೊಂಡವನು ಲೀ ವುಲ್ಫ್ ಎಂಬ ಅಮೆರಿಕದ ಗಾಳಗಾರ. ಆತ ಸಿನಿಮಾ ಕ್ಯಾಮೆರಾ ಹಿಡಿದು ಮೀನಿನ ಚಿತ್ರಗಳನ್ನೂ ತೆಗೆದವನು. ಎರಡು ಕಡೆಯೂ ಅದೇ ರೋಗ. ಒಬ್ಬನಿಗೆ ಇನ್ನೊಂದು ಲೆನ್ಸ್ ಬೇಕು, ಇನ್ನೊಬ್ಬನಿಗೆ ಇನ್ನೊಂದು ಕೋಲು. ನೀರಿಗೆ ಬಿದ್ದರೂ ಕೆಡದ ಕ್ಯಾಮೆರಾ ಬೇಕು ಅಂತ ಹಂಬಲಿಸಿದವರಿಗೆ 1963ರಲ್ಲಿ 'ನಿಕಾನೋಸ್' ಬಂತು. ಸಮುದ್ರದಾಳದ ಚಿತ್ರಗಳಿಗೆ ಹೆಸರಾದ ಕುಸ್ಟೋ ಕಡೆಯವರು ಮಾಡಿಸಿದ್ದ 'ಕ್ಯಾಲಿಪ್ಸೊ' ಕ್ಯಾಮೆರಾವನ್ನೇ ನಿಕಾನ್ ಕಂಪನಿ ತೆಗೆದುಕೊಂಡು ಹೊಸ ಹೆಸರಿಟ್ಟಿತ್ತು.

ಎರಡೂ ಕಸುಬಿಗೆ ಸಾಮಾನ್ಯವಾದ ಒಂದು ಗಾಜಿದೆ. ಪೋಲರೈಸರ್. ಪಿಯುಸಿ ಫಿಸಿಕ್ಸಿಗೆ ಅರ್ಧಕ್ಕೇ ಕೈಮುಗಿದು ಬಂದ ನನಗೆ ಇದರ ಪಾಠ ಆದದ್ದು ಶ್ರೀರಂಗಪಟ್ಟಣದ ಕಾವೇರಿ ದಡದಲ್ಲಿ. ಮದುವೆ ಫೋಟೋ ತೆಗೆಯುವ ನನ್ನ ಗೆಳೆಯ ಆ ಗಾಜನ್ನು ಕೈಗಿಟ್ಟು, "ಗುರು, ಕಣ್ಣಿಗಿಟ್ಟು ನಿಧಾನಕ್ಕೆ ತಿರುಗ್ಸು" ಅಂದ. ತಿರುಗಿಸಿದೆ. ನೀರಿನ ಮೇಲೆ ಪಳಪಳ ಹೊಳೆಯುತ್ತಿದ್ದ ಆಕಾಶ ಪರದೆ ಸರಿಸಿದಂತೆ ಮಾಯವಾಯಿತು! ಕೆಳಗೆ ಕಲ್ಲು, ಪಾಚಿ, ಸಾಲಾಗಿ ನಿಂತ ಮೀನು. ನೀರಿನ ಮೇಲೆ ಬಿದ್ದು ಪ್ರತಿಫಲಿಸುವ ಬೆಳಕು ಬಹುಪಾಲು ಅಡ್ಡಡ್ಡ ಕಂಪಿಸುತ್ತದೆ, ಗಾಜು ಅದನ್ನು ತಡೆದು ಒಳಗಿನ ಬೆಳಕನ್ನು ಮಾತ್ರ ಬಿಡುತ್ತದೆ. ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಗಾಳಗಾರರು ಇದನ್ನೇ ಕಪ್ಪು ಕನ್ನಡಕ ಮಾಡಿ ಹಾಕಿಕೊಳ್ಳೋದು.

ಪಕ್ಕದಲ್ಲಿ ಗಾಳ ಹಾಕಿ ಕೂತಿದ್ದ ಮುದುಕಪ್ಪ ಕುತೂಹಲಕ್ಕೆ ಇಸಕೊಂಡು ನೋಡಿ, ಹಿಂದಕ್ಕೆ ಕೊಟ್ಟ. "ಚೆಂದಾಗದೆ ಕಣಪ್ಪ. ಆದ್ರೆ ನಂಗ್ಯಾಕೆ? ಮೀನು ಬಾಲ ಆಡ್ಸಿದ್ರೆ ನೀರೇ ಯೋಳ್ತದೆ."

ಜಾತ್ರೆ ಬಂತು, ಮೀನು ವಾಪಸ್ ಹೋಯ್ತು

ಚಿತ್ರ ಗೆದ್ದಮೇಲೆ ಮೊಂಟಾನಾಕ್ಕೆ ಜಾತ್ರೆಯೇ ಬಂತು. ಬ್ರಾಡ್ ಪಿಟ್ ನಿಂತ ಬಂಡೆ ಎಲ್ಲಿ, ನಾವೂ ನಿಲ್ಲಬೇಕು! ಹೊಳೆ ಅಷ್ಟೇ ಇದೆ, ಜನ ಹತ್ತು ಪಟ್ಟು. ಪ್ರತಿಯೊಬ್ಬನೂ ನಾಲ್ಕು ಮೀನು ಹೊತ್ತುಕೊಂಡು ಹೋಗಿದ್ದರೆ ಅಲ್ಲಿ ಉಳಿಯುತ್ತಿದ್ದುದು ಕಲ್ಲು ಮಾತ್ರ.

ಹಾಗಾಗದಂತೆ ಕಾಪಾಡಿದ್ದು ಒಂದು ಹಳೆಯ ಉಪಾಯ. ಲೀ ವುಲ್ಫ್ ಅಂದೆನಲ್ಲ, ಆತ 1939ರಲ್ಲೇ ಬರೆದಿದ್ದ: ಒಳ್ಳೆಯ ಮೀನು ಒಂದೇ ಸಲ ಹಿಡಿದು ಮುಗಿಸುವಂಥ ಅಗ್ಗದ ಮಾಲಲ್ಲ ಎಂದು. ಹಿಡಿ, ನೋಡು, ಬಿಡು. ಅದಕ್ಕೂ ಕ್ರಮ ಇದೆ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಬೇಕು, ಆಗ ಸುಲಭಕ್ಕೆ ಬಿಡಿಸಬಹುದು. ಮೀನನ್ನು ಮುಟ್ಟುವ ಮುನ್ನ ಕೈ ಒದ್ದೆ ಮಾಡಿಕೊಳ್ಳಬೇಕು, ಒಣಗಿದ ಕೈ ತಾಕಿದರೆ ಅದರ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಆ ಲೋಳೆಯೇ ಅದಕ್ಕೆ ರೋಗ ತಡೆಯುವ ಅಂಗಿ. ಕ್ಯಾಮೆರಾ ರೆಡಿಯಾಗುವ ತನಕ ಮೀನು ನೀರಲ್ಲೇ ಇರಬೇಕು. ಕ್ಲಿಕ್ ಅನ್ನುವ ಹೊತ್ತಿಗೆ ಮೇಲೆತ್ತಿ, ಮರುಕ್ಷಣ ಇಳಿಸಿ, ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿದರೆ ಅದೇ ಉಸಿರು ಹಿಡಿದು ಹೊರಟುಹೋಗುತ್ತದೆ. ಮನೆಗೆ ಬರೋದು ಫೋಟೋ ಒಂದೇ. ಕ್ಯಾಮೆರಾ ಇಲ್ಲದಿದ್ದರೆ ಈ ಪದ್ಧತಿ ಇಷ್ಟು ಹಬ್ಬುತ್ತಿತ್ತೆ ಅನ್ನೋದು ನನಗೆ ಅನುಮಾನ. ಯಾಕಂದ್ರೆ ಗಂಡಸು ತಾನು ಹಿಡಿದದ್ದನ್ನು ನಾಲ್ಕು ಜನಕ್ಕೆ ತೋರಿಸದೆ ಇರಲಾರ!

ಬ್ಲಾಕ್‌ಫುಟ್ ಹೊಳೆಗೂ ಒಳ್ಳೆ ದಿನ ಬಂತು. ಚಿತ್ರಕ್ಕೆ ಮುಂಚಿನಿಂದಲೇ ಅಲ್ಲಿನ ಗಾಳಗಾರರು, ದನ ಸಾಕುವವರು ಹೊಳೆ ಉಳಿಸಲು ಕೈಜೋಡಿಸಿದ್ದರು. ಚಿತ್ರ ಬಂದಮೇಲೆ ಹೊಳೆಯ ಹೆಸರು ಊರೂರಿಗೆ ತಲುಪಿತು, ಅದರ ಬೆನ್ನಿಗೆ ಕಾಸೂ ಬಂತು. 1993ರಲ್ಲಿ 'ಬ್ಲಾಕ್‌ಫುಟ್ ಚಾಲೆಂಜ್' ಎಂಬ ಸಂಘ ಕಟ್ಟಿಕೊಂಡರು. ಉಪನದಿಗಳಿಗೆ ಬೇಲಿ ಹಾಕಿದರು, ದಡಕ್ಕೆ ಗಿಡ ನೆಟ್ಟರು. ಹೊಳೆ ಹೋಗಿ ಸೇರುವಲ್ಲಿ 1908ರಲ್ಲಿ ಕಟ್ಟಿದ್ದ ಮಿಲ್‌ಟೌನ್ ಅಣೆಕಟ್ಟನ್ನು ಸರಿಯಾಗಿ ನೂರು ವರ್ಷಕ್ಕೆ, 2008ರಲ್ಲಿ, ಒಡೆದು ಮೀನಿಗೆ ದಾರಿ ಬಿಟ್ಟರು.

ಗರಿ ಕಳ್ಳ!

ಈಗ ಕಥೆಯ ವಿಲನ್. ಇದು ಸಿನಿಮಾ ಅಲ್ಲ, ಕೋರ್ಟಿನಲ್ಲಿ ಸಾಬೀತಾದದ್ದು.

ಫ್ಲೈ ಕಟ್ಟೋರಲ್ಲಿ ಒಂದು ಪಂಗಡ ಇದೆ. ಅವರು ಕಟ್ಟೋದು ನೂರೈವತ್ತು ವರ್ಷ ಹಿಂದಿನ ಇಂಗ್ಲೆಂಡಿನ ಸಾಲ್ಮನ್ ಫ್ಲೈಗಳನ್ನು. ಒಂದೊಂದೂ ಒಡವೆಯಂತೆ. ಸ್ವರ್ಗದ ಹಕ್ಕಿ, ಟೂಕನ್, ಹೀಗೆ ಲೋಕದ ಮೂಲೆಮೂಲೆಯ ಹಕ್ಕಿಗಳ ಗರಿ ಬೇಕು. ಇಷ್ಟೆಲ್ಲ ಮಾಡಿ ಕಟ್ಟಿದ್ದನ್ನು ನೀರಿಗೆ ಹಾಕುತ್ತಾರಾ? ಬಹುತೇಕ ಇಲ್ಲ, ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಸಾಲ್ಮನ್ ಮೀನಿಗಂತೂ ಬಣ್ಣ ಹಾಕಿದ ಕೋಳಿ ಗರಿಯೂ ಒಂದೇ, ಸ್ವರ್ಗದ ಹಕ್ಕಿಯೂ ಒಂದೇ!

2009ರ ಜೂನ್ ತಿಂಗಳ ಒಂದು ರಾತ್ರಿ. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಕೊಳಲು ಕಲಿಯುತ್ತಿದ್ದ ಅಮೆರಿಕದ ಹುಡುಗ ಎಡ್ವಿನ್ ರಿಸ್ಟ್, ರೈಲು ಹತ್ತಿ ಟ್ರಿಂಗ್ ಎಂಬ ಊರಿಗೆ ಹೋದ. ಅಲ್ಲಿ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಪಕ್ಷಿ ಭಂಡಾರ. ಕಿಟಕಿ ಗಾಜು ಒಡೆದು ಒಳಗಿಳಿದ. ಸೂಟ್‌ಕೇಸು ತುಂಬ ಒಣಗಿಸಿಟ್ಟ ಹಕ್ಕಿಗಳನ್ನು ತುಂಬಿಕೊಂಡು ನಡೆದ. 299 ಹಕ್ಕಿ! ಅದರಲ್ಲಿ ಡಾರ್ವಿನ್ನನ ಸಮಕಾಲೀನ ವ್ಯಾಲೇಸ್ 1850ರ ದಶಕದಲ್ಲಿ ಮಲಯ ದ್ವೀಪಗಳಲ್ಲಿ ಜೀವ ಒತ್ತೆಯಿಟ್ಟು ಸಂಗ್ರಹಿಸಿದ ಹಕ್ಕಿಗಳೂ ಇದ್ದವು. ಸುಮಾರು ಒಂದು ತಿಂಗಳು ಮ್ಯೂಸಿಯಂನವರಿಗೆ ಸುಳಿವೇ ಇಲ್ಲ. ಅವನು ಗರಿ ಕಿತ್ತು ಫ್ಲೈ ಕಟ್ಟುವ ಹವ್ಯಾಸಿಗಳಿಗೆ ಮಾರುತ್ತಾ ಹೋದ.

2010ರ ನವೆಂಬರ್‌ನಲ್ಲಿ ಪೊಲೀಸರು ಬಾಗಿಲು ತಟ್ಟಿದಾಗ ಇಡಿಯಾಗಿ ಉಳಿದದ್ದು 174 ಮಾತ್ರ. ಅದರಲ್ಲೂ ಹಲವಕ್ಕೆ ಕಾಲಿನ ಚೀಟಿ ಇರಲಿಲ್ಲ. ಯಾವ ಕಾಡು, ಯಾವ ದಿನ, ಹಿಡಿದವರಾರು ಅಂತ ಹೇಳುವ ಆ ಚೀಟಿ ಹೋದರೆ ವಿಜ್ಞಾನಿಗೆ ಆ ಹಕ್ಕಿ ಬರೀ ಒಣಗಿದ ಚರ್ಮ. 2011ರಲ್ಲಿ ಹನ್ನೆರಡು ತಿಂಗಳ ಶಿಕ್ಷೆ ಆಯ್ತು, ಅದನ್ನೂ ಅಮಾನತಿನಲ್ಲಿಟ್ಟರು. ಹುಡುಗ ಜೈಲು ನೋಡಲಿಲ್ಲ. ಕಿರ್ಕ್ ವ್ಯಾಲೇಸ್ ಜಾನ್ಸನ್ ಎಂಬಾತ ಇದರ ಮೇಲೆ 2018ರಲ್ಲಿ 'ದಿ ಫೆದರ್ ಥೀಫ್' ಅಂತ ಪುಸ್ತಕವನ್ನೇ ಬರೆದ.

ಇದು ಲಂಡನ್ನಿನ ಮಾತು, ನಮಗೇನು ಅನ್ನಬೇಡಿ. ಆ ಹಳೆಯ ಸಾಲ್ಮನ್ ಫ್ಲೈಗಳಲ್ಲಿ, 'ಜಾಕ್ ಸ್ಕಾಟ್' ಎಂಬ ಹೆಸರಾಂತ ಫ್ಲೈ ಸೇರಿ, ಎರಡು ಕೆನ್ನೆಗೂ ಮೀನಿನ ಕಣ್ಣಿನಂತೆ ಹೊಳೆಯುವ ಒಂದು ಗರಿ ಇರುತ್ತದೆ. ಮೇಣದ ಹನಿ ಬಿದ್ದಂತೆ ಹಳದಿ ಚುಕ್ಕಿ. ಅದು ಯಾರದ್ದು? ನಮ್ಮ ಮಲೆನಾಡಿನ ಬೂದು ಕಾಡುಕೋಳಿಯ ಹುಂಜದ ಕುತ್ತಿಗೆಯದ್ದು! ಆಗುಂಬೆ, ಕೊಡಗಿನ ಕಡೆ ಬೆಳಗಿನ ಬಸ್ಸಿನಲ್ಲಿ ಹೋದವರು ರಸ್ತೆ ಅಂಚಿನಲ್ಲಿ ಅದನ್ನು ನೋಡಿರುತ್ತೀರಿ. ಭಾರತದ ಹೊರಗೆ ಲೋಕದಲ್ಲಿ ಎಲ್ಲೂ ಕಾಡಿನಲ್ಲಿ ಸಿಗದ ಹಕ್ಕಿ. ಒಂದು ಕಾಲಕ್ಕೆ ಅದರ ಕುತ್ತಿಗೆ ಚರ್ಮ ಸುಲಿದು ಹಡಗು ಹತ್ತಿಸುತ್ತಿದ್ದರು. ಈಗ ಆ ರಫ್ತು ನಿಂತಿದೆ. 1972ರ ವನ್ಯಜೀವಿ ಕಾಯ್ದೆ ಅದನ್ನು ಕೊಲ್ಲುವವನ ಕೈಗೆ ಬೇಡಿ ಹಾಕುತ್ತದೆ. ಇಂಗ್ಲೆಂಡಿನವರು ಅಲ್ಲೇ ಸಾಕಿದ ಕೋಳಿಯಿಂದ ಗರಿ ಪಡೆಯುತ್ತಾರೆ.

ಕಾವೇರಿಯ ದೈತ್ಯ

ನಮ್ಮ ನೀರಿನಲ್ಲೂ ಒಬ್ಬ ಸೂಪರ್ ಸ್ಟಾರ್ ಇದ್ದಾನೆ. ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ 54 ಕೆ.ಜಿ.! ಇವನನ್ನು ಕರೆಯಲು ಗರಿ ಬೇಕಿರಲಿಲ್ಲ. ಭೀಮೇಶ್ವರಿ ಕಡೆ ಬಿಳಿಯರು ಕೊಕ್ಕೆಗೆ ಹಾಕುತ್ತಿದ್ದುದು ಬೇಯಿಸಿದ ರಾಗಿಹಿಟ್ಟಿನ ಉಂಡೆ. ನಮ್ಮ ಮುದ್ದೆ! ಹಿಡಿದು, ತೂಗಿ, ಫೋಟೋ ತೆಗೆಸಿಕೊಂಡು ನೀರಿಗೆ ಬಿಡುತ್ತಿದ್ದರು. ಡೈನಮೈಟ್ ಹಾಕಿ ಮೀನು ಕೊಲ್ಲುತ್ತಿದ್ದ ಕೆಲವರೇ ಆ ಕ್ಯಾಂಪುಗಳಲ್ಲಿ ದಾರಿ ತೋರಿಸುವ ಕೆಲಸಕ್ಕೆ ಸೇರಿ ಹೊಳೆ ಕಾದರು. ಮುಂದೆ ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಗಾಳ ಹಾಕುವುದೇ ನಿಂತಿತು. ನಿಂತದ್ದು ಸರಿಯೋ ತಪ್ಪೋ ಅನ್ನೋ ಜಗಳ ಇನ್ನೂ ನಿಂತಿಲ್ಲ. ಗಾಳ ಇದ್ದಾಗ ಕಾವಲಿತ್ತು ಅನ್ನುತ್ತಾರೆ ಒಂದು ಕಡೆಯವರು. ಅಭಯಾರಣ್ಯ ಅಂದಮೇಲೆ ಮೀನಿಗೂ ಅಭಯ ಬೇಡವೆ ಅನ್ನುತ್ತಾರೆ ಇನ್ನೊಂದು ಕಡೆಯವರು.

ಕಾವೇರಿ ಸೀಮೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಆ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಅತಿ ಅಪಾಯದ ಪಟ್ಟಿಗೆ ಸೇರಿತು. ಹುಲಿಗಿಂತ ಹೆಚ್ಚಿನ ಅಪಾಯದ ಮೆಟ್ಟಿಲು ಅದು. ಹುಲಿಗಾದರೆ ಪೋಸ್ಟರ್ ಇದೆ, ಡಾಕ್ಯುಮೆಂಟರಿ ಇದೆ. ನೀರೊಳಗಿನವನಿಗೆ ಅಭಿಮಾನಿ ಸಂಘ ಕಟ್ಟೋರು ಯಾರು? ಬ್ಲಾಕ್‌ಫುಟ್ ಹೊಳೆಗೆ ಸಿಕ್ಕಂಥ ಒಂದು ಸಿನಿಮಾ ಕಾವೇರಿಯ ಮೀನಿಗೆ ಇನ್ನೂ ಸಿಕ್ಕಿಲ್ಲ. ನಮ್ಮ ಗಾಂಧಿನಗರದಲ್ಲಿ ಕಥೆಗೆ ಬರ ಅನ್ನುವ ನಿರ್ಮಾಪಕರು ಒಂದು ಬಾಡಿಗೆ ಕಾರು ಹಿಡಿದು ಮಳವಳ್ಳಿ ದಾಟಿ ಹೋಗಿಬರಲಿ.

ನಮ್ಮ ಹುಡುಗರಿಗೆ ಇಷ್ಟೇ ಹೇಳೋದು. ಫ್ಲೈ ಕೋಲಿನ ಬೆಲೆ ಕೇಳಿ ಗಾಬರಿಯಾಗಬೇಡಿ, ಲೆನ್ಸಿನ ಬೆಲೆ ಕೇಳಿ ಸಾಲ ಮಾಡಬೇಡಿ. ಮುಂದಿನ ಭಾನುವಾರ ಬೆಳಗ್ಗೆ ಹತ್ತಿರದ ಸೇತುವೆ ಮೇಲೆ ನಿಂತು, ಸೂರ್ಯ ಎದುರಿಗಿರುವಂತೆ ಒಂದು ಸಲ, ಬೆನ್ನಿಗಿರುವಂತೆ ಒಂದು ಸಲ ನೀರು ನೋಡಿ. ಎರಡು ಬೇರೆ ಬೇರೆ ಹೊಳೆ ಕಾಣುತ್ತದೆ. ಪೋಲರೈಸ್ ಆದ ಕನ್ನಡಕ ಯಾರದ್ದಾದರೂ ಸಿಕ್ಕರೆ ಇಸಕೊಂಡು ಹಾಕಿ, ಮೂರನೇ ಹೊಳೆಯೂ ಕಾಣುತ್ತದೆ. ಆಮೇಲೆ ಕನ್ನಡಕ ವಾಪಸ್ ಕೊಡೋದು ಮರೀಬೇಡಿ!